ಪಿತೃಗೃಹ, ಪಾಲು, ಕ್ಷಮೆ: ಕನ್ನಡನಾಡಿನ ಕ್ರೈಸ್ತ ಕುಟುಂಬಗಳನ್ನು ಕುರಿತು ಒಂದು ವಿವೇಚನೆ

ಮನೆ ಬಿಟ್ಟುಹೋದ ಮಗನು ಮರಳಿ ಬರುತ್ತಿರುವುದನ್ನು ದೂರದಿಂದಲೇ ಕಂಡ ತಂದೆಯು ಓಡಿಹೋಗಿ ಅವನ ಕೊರಳನ್ನಪ್ಪಿದನೆಂಬ ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಸಾಮ್ಯವು, ಕ್ರೈಸ್ತಧರ್ಮದಲ್ಲಿ ತಂದೆಮಕ್ಕಳ ವೈಮನಸ್ಯವೂ ಅದರ ಶಮನವೂ ವಿಚಾರಕ್ಕೆ ಬಂದಾಗಲೆಲ್ಲ ಮೊದಲು ಉದಾಹೃತವಾಗುತ್ತದೆ. ಆದರೆ ಆ ಕಥೆಯ ಆರಂಭದಲ್ಲಿಯೇ ಇರುವ ಒಂದು ಲೌಕಿಕ ಸಂಗತಿಯನ್ನು ಉಪದೇಶಕರು ಬೇಗನೆ ದಾಟಿಬಿಡುತ್ತಾರೆ: ಕಿರಿಯವನು ಹೊಸ್ತಿಲು ದಾಟುವ ಮೊದಲೇ ತನ್ನ ಪಾಲನ್ನು ಇಸಿದುಕೊಂಡಿದ್ದನು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ವಿಧಿಯಂತೆ ಜ್ಯೇಷ್ಠನಿಗೆ ಇಮ್ಮಡಿ ಭಾಗವು ಸಲ್ಲತಕ್ಕದ್ದಾದುದರಿಂದ, ಇಬ್ಬರೇ ಮಕ್ಕಳಿದ್ದ ಆ ಮನೆಯಲ್ಲಿ ಕಿರಿಯನಿಗೆ ದೊರೆತದ್ದು ಮೂರರಲ್ಲೊಂದು ಭಾಗವೆಂದು ಎಣಿಸಬಹುದು. ಅದೆಲ್ಲ ಕರಗಿದ ಬಳಿಕ ಅವನು ಬಂದನು. ಕೇಳಲು ಅವನಿಗೇನೂ ಉಳಿದಿರಲಿಲ್ಲ. ಮಿಕ್ಕದ್ದೆಲ್ಲ ಹಿರಿಯನದೇ ಎಂದು ತಂದೆಯೇ ಬಾಯಿಬಿಟ್ಟು ಹೇಳುತ್ತಾನೆ. ತಂದೆಯ ಓಟಕ್ಕೆ ಅಡ್ಡಬರುವ ದಾವೆ ಅಲ್ಲಿ ಯಾವುದೂ ಇಲ್ಲ.

ನಮ್ಮ ನಾಡಿನಲ್ಲಿ ಹಾಗಾಗಲಿಲ್ಲ. ಲಂಡನ್ ಮಿಶನ್ನಿನವರು 1820ರಲ್ಲಿ ಬೆಳಗಾವಿಯಲ್ಲಿಯೂ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ ನೆಲೆನಿಂತರು. ಮುನವಳ್ಳಿ, ಬೈಲಹೊಂಗಲ, ಕಿತ್ತೂರುಗಳ ಸೀಮೆಯು ಈ ಎರಡು ಕೇಂದ್ರಗಳ ನಡುವಣದು. ಇಲ್ಲಿ ಮನೆ ಬಿಟ್ಟ ಮಗನು ದುಂದುಗಾರನಾಗಿರಲಿಲ್ಲ, ಪಾಲು ತೆಗೆದುಕೊಂಡೂ ಹೋಗಿರಲಿಲ್ಲ. ತಾನು ಹೋದದ್ದೇ ಸತ್ಯದ ಕಡೆಗೆ ಎಂಬುದು ಅವನ ನಂಬುಗೆ. ಹಂದಿಗಳ ನಡುವೆ ಕುಳಿತು ಪಶ್ಚಾತ್ತಾಪಪಡುವ ಪಾತ್ರವನ್ನು ಅವನು ತನ್ನದೆಂದು ಒಪ್ಪಿಕೊಳ್ಳಲಾರನು. ಹೆತ್ತವರಾದರೋ ಅವನಿಗೆ ಕೊಟ್ಟದ್ದು ಅದೇ ಪಾತ್ರವನ್ನು. ಮಂಗಳೂರಿನಲ್ಲಿ 1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ತರುಣನಾದ ಆನಂದರಾವ್ ಕೌಂಡಿನ್ಯನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಪಂಡಿತನ ಹೆಸರನ್ನೇ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಆಗಿ ದೀಕ್ಷಾಸ್ನಾನ ಹೊಂದಿದಾಗ ಊರಲ್ಲಿ ಎದ್ದ ಕೋಲಾಹಲವು ಒಂದು ಮತದ ಮೇಲೆ ಮತ್ತೊಂದು ಮತದ ಕೋಪವಷ್ಟೇ ಆಗಿರಲಿಲ್ಲ. ಮಗನನ್ನು ಕಳೆದುಕೊಂಡ ಮನೆಯ ಗೋಳೂ ಅದರಲ್ಲಿತ್ತು. ಕೌಂಡಿನ್ಯನು ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದನೆಂಬುದನ್ನು ಮಿಶನ್ನಿನ ಚರಿತ್ರೆಯು ಅಭಿಮಾನದಿಂದ ಹೇಳುತ್ತದೆ. ಅಂತಹ ಚರಿತ್ರೆಗಳಲ್ಲಿ ತಾಯಂದಿರ ಮಾತು ಕೇಳಿಬರುವುದು ಅಪರೂಪ.

ಹೀಗೆ ಹೊರಟುಹೋದವನನ್ನು ಸ್ಮೃತಿಗಳು ನಡೆಸಿಕೊಂಡ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನುಸ್ಮೃತಿಯ 11ನೆಯ ಅಧ್ಯಾಯವು ವಿಧಿಸುವಂತೆ, ಪತಿತನಾದವನ ದಾಯಾದರು ಅಶುಭವಾದೊಂದು ದಿನದ ಸಂಜೆ ಊರ ಹೊರಗೆ ಕೂಡಿ, ಬದುಕಿರುವವನಿಗೇ ತರ್ಪಣೋದಕವನ್ನು ಬಿಡತಕ್ಕದ್ದು. ದಾಸಿಯೊಬ್ಬಳು ನೀರು ತುಂಬಿದ ಗಡಿಗೆಯನ್ನು ಕಾಲಿಂದೊದ್ದು ಉರುಳಿಸತಕ್ಕದ್ದು. ಅಲ್ಲಿಂದ ಮುಂದೆ ಅವನೊಡನೆ ಮಾತಿಲ್ಲ, ಒಂದೇ ಆಸನದಲ್ಲಿ ಕೂರುವುದಿಲ್ಲ, ಪಾಲಿಲ್ಲ. ಜನರ ಬಾಯಲ್ಲಿ ಘಟಶ್ರಾದ್ಧವೆಂದು ನಿಂತ ಆಚಾರದ ಮೂಲವಿದು. ಆದರೆ ಅದೇ ಅಧ್ಯಾಯವು ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲವೆಂಬುದನ್ನು ಮರೆಯಲಾಗದು. ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಬಂದವನೊಡನೆ ಬಂಧುಗಳು ಪುಣ್ಯಜಲಾಶಯದಲ್ಲಿ ಒಟ್ಟಿಗೆ ಮಿಂದು, ತುಂಬಿದ ಹೊಸ ಗಡಿಗೆಯನ್ನು ಅದರಲ್ಲಿ ಬಿಟ್ಟು, ಅವನನ್ನು ಮುನ್ನಿನಂತೆಯೇ ಮನೆಗೆ ಸೇರಿಸಿಕೊಳ್ಳಬಹುದು. ತೊಡಕು ಬಂದದ್ದು ಇಲ್ಲಿಯೇ: ಪ್ರಾಯಶ್ಚಿತ್ತವೆಂದರೆ ಹೊಸ ನಂಬಿಕೆಯನ್ನು ಬಿಟ್ಟುಕೊಟ್ಟಂತೆ. ತಂದೆಯು ಮಗನ ಪಶ್ಚಾತ್ತಾಪಕ್ಕಾಗಿ ಕಾದನು. ಮಗನು ತಂದೆಯ ಮನಃಪರಿವರ್ತನೆಗಾಗಿ ಕಾದನು.

ಈ ನಡುವೆ ಸರಕಾರವು ಕೈಹಾಕಿತು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರದಂತೆ ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು. ಪತಿತನಿಗೆ ಮಾತ್ರ ಅದಿಲ್ಲ. 1832ರ ಬಂಗಾಳ ರೆಗ್ಯುಲೇಶನ್ನಿನ ತತ್ತ್ವವನ್ನು ವಿಸ್ತರಿಸಿದ 1850ರ 21ನೆಯ ಕಾಯಿದೆಯು, ಮತವನ್ನು ಬಿಟ್ಟವನೂ ಜಾತಿಯಿಂದ ಹೊರಗಾದವನೂ ಹಕ್ಕು ಕಳೆದುಕೊಳ್ಳನೆಂದು ಸಾರಿತು. ನ್ಯಾಯದೃಷ್ಟಿಯಿಂದ ಇದು ಸರಿಯೇ. ಕುಟುಂಬದ ದೃಷ್ಟಿಯಿಂದಲಾದರೋ, ಯಾರಿಗೆ ತರ್ಪಣ ಬಿಟ್ಟಾಗಿತ್ತೋ ಅವನೇ ವಕೀಲನ ನೋಟೀಸಿನೊಡನೆ ಬಾಗಿಲಲ್ಲಿ ನಿಲ್ಲಬಹುದಾಯಿತು. ಬ್ರಿಟಿಷರ ಆಳಿಕೆಯ ಮುನವಳ್ಳಿಯಲ್ಲಿ ಈ ಕಾಯಿದೆ ನಡೆಯುತ್ತಿದ್ದರೆ, ನೆರೆಯ ರಾಮದುರ್ಗವು 1948ರವರೆಗೂ ಪ್ರತ್ಯೇಕ ಸಂಸ್ಥಾನವಾಗಿದ್ದುದರಿಂದ ಅಲ್ಲಿ ಅದು ತಾನಾಗಿಯೇ ಅನ್ವಯಿಸುತ್ತಿರಲಿಲ್ಲ. ಬಳ್ಳಾರಿಯ ಅಬ್ರಹಾಂ ಮನೆತನದಲ್ಲಿ ವಿಧವೆಗೂ ಮೈದುನನಿಗೂ ಹತ್ತಿದ ಆಸ್ತಿಯ ವ್ಯಾಜ್ಯವು ಪ್ರಿವಿ ಕೌನ್ಸಿಲ್ಲಿನವರೆಗೆ ಹೋಗಿ 1863ರಲ್ಲಿ ತೀರ್ಮಾನವಾದದ್ದು, ತಲೆಮಾರುಗಳಿಂದ ಕ್ರೈಸ್ತರಾಗಿದ್ದವರ ಮನೆಯಲ್ಲಿಯೂ ಪಾಲಿನ ಪ್ರಶ್ನೆ ಎಷ್ಟು ಕಠಿನವೆಂಬುದಕ್ಕೆ ಸಾಕ್ಷಿ.

ಮುನವಳ್ಳಿಯ ಜನಕ್ಕೆ, ಯಾವ ಮತದವರೇ ಆಗಲಿ, ಹೆತ್ತವರ ಮತ್ತು ಮಕ್ಕಳ ವೈರವನ್ನು ಕುರಿತ ಇನ್ನೊಂದು ಕಥೆಯು ಲೂಕನ ಕಥೆಗಿಂತ ಹತ್ತಿರದ್ದು. ಮಳಲ ಕೊಡ ಮಾಡಿ, ಹಾವಿನ ಸಿಂಬೆಯ ಮೇಲೆ ಅದನ್ನಿಟ್ಟು ಮಲಪ್ರಭೆಯಿಂದ ನೀರು ತರುತ್ತಿದ್ದ ರೇಣುಕೆಯ ಚಿತ್ತವು ಒಮ್ಮೆ ಚಂಚಲವಾಗಲು ಕೊಡ ನಿಲ್ಲದೆ ಹೋಯಿತು. ಆಕೆಯನ್ನು ಕೊಲ್ಲಲು ಗಂಡ ಜಮದಗ್ನಿಯಿತ್ತ ಆಜ್ಞೆಯನ್ನು ಮೀರಿದ ಹಿರಿಯ ಮಕ್ಕಳು ಶಾಪಗ್ರಸ್ತರಾದರು. ಕಿರಿಯ ಮಗ ಪರಶುರಾಮನು ತಾಯಿಯ ಶಿರವನ್ನು ಕಡಿದನು. ಸವದತ್ತಿಯ ಗುಡ್ಡದ ಮೇಲೆ ಇಂದಿಗೂ ಎಲ್ಲಮ್ಮನಾಗಿ ಪೂಜೆಗೊಳ್ಳುವವಳ ಈ ಕಥೆಯನ್ನು ಮಹಾಭಾರತದ ವನಪರ್ವವೂ ಹೇಳುತ್ತದೆ. ಅಲ್ಲಿ ಪರಶುರಾಮನು ಬೇಡುವ ವರಗಳ ಕಡೆಗೆ ಗಮನವಿಡಬೇಕು: ತಾಯಿ ಬದುಕಲಿ, ತನ್ನ ವಧೆಯು ಆಕೆಯ ನೆನಪಿನಲ್ಲಿ ಉಳಿಯದಿರಲಿ, ಅಣ್ಣಂದಿರು ಮೊದಲಿನಂತಾಗಲಿ. ಮರೆವಿನ ಮೂಲಕ ಸಂಧಾನ. ಇದನ್ನು ಅಗ್ಗದ ಉಪಾಯವೆಂದು ಮಿಶನರಿಯ ಕಣ್ಣಿನಿಂದ ಹೀಗಳೆಯುವುದು ನನಗೆ ಒಪ್ಪಿತವಲ್ಲ. ತಾಯಿಗೆ ನೆಮ್ಮದಿಯನ್ನು ಕೇಳಿದ ಮಗನ ಕೋರಿಕೆ ಅದು. ಆದರೂ ಕ್ರೈಸ್ತ ಕ್ಷಮೆಯು ಅದಕ್ಕಿಂತ ಭಿನ್ನವಾದದ್ದು. ಅದು ನಡೆದದ್ದನ್ನು ಬಲ್ಲವರ ನಡುವೆಯೇ ನಡೆಯಬೇಕಾದದ್ದು.

ಅಂತಹ ಕ್ಷಮೆಗೆ ಈ ನಾಡಿನ ಕ್ರೈಸ್ತ ಮಗನು ಆಧಾರವಾಗಿ ಹಿಡಿಯಬೇಕಾದದ್ದು ಲೂಕನ ಸಾಮ್ಯವನ್ನಲ್ಲ, ಬೇರೆ ಎರಡು ಭಾಗಗಳನ್ನು ಎಂದು ನನಗೆ ತೋರುತ್ತದೆ. ದೇವರಿಗೆ ಮೀಸಲೆಂದು ಹೇಳಿ ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಯೇಸು ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ತನ್ನ ಭಕ್ತಿಯನ್ನೇ ಗುರಾಣಿಯಾಗಿ ಹಿಡಿದ ಮಗನಿಗೆ ಅಲ್ಲಿ ಆಸರೆಯಿಲ್ಲ. ಮತ್ತಾಯನ 5ನೆಯ ಅಧ್ಯಾಯವು, ಕಾಣಿಕೆಯೊಡನೆ ವೇದಿಯ ಬಳಿಗೆ ಬಂದವನು ತನ್ನ ಮೇಲೆ ಇನ್ನೊಬ್ಬನಿಗೆ ಮನಸ್ತಾಪವಿರುವುದನ್ನು ನೆನೆದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕೆನ್ನುತ್ತದೆ. ಆ ಮನಸ್ತಾಪವು ನ್ಯಾಯವೋ ಅನ್ಯಾಯವೋ ಎಂಬ ವಿಚಾರಣೆ ಅಲ್ಲಿ ಇಲ್ಲವೇ ಇಲ್ಲ. ನಂಬಿಕೆಯನ್ನು ಬಿಡದೆಯೂ, ತಾನು ಕೊಟ್ಟ ನೋವಿಗಾಗಿ ಮಗನು ಮೊದಲು ಹೆಜ್ಜೆಯಿಡಬಹುದಾದ ದಾರಿ ಅದು.

ಹಾಗೆ ಹೆಜ್ಜೆಯಿಟ್ಟು ಮಗನೂ ತಂದೆಯೂ ಒಂದಾದ ಮನೆಯಲ್ಲಿಯೂ ಪಾಲಿನ ಪ್ರಶ್ನೆ ಅಡಗುವುದಿಲ್ಲ. ಯಾಜ್ಞವಲ್ಕ್ಯಸ್ಮೃತಿಯು ಪತಿತನನ್ನಷ್ಟೇ ಅಲ್ಲದೆ ಅವನಿಗೆ ಹುಟ್ಟಿದವನನ್ನೂ ದಾಯದಿಂದ ಹೊರಗಿರಿಸಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 26ನೆಯ ಪ್ರಕರಣವು ಮತಾಂತರಗೊಂಡವನ ಹಕ್ಕನ್ನು ಮುಟ್ಟದಿದ್ದರೂ, ಆ ಬಳಿಕ ಅವನಿಗೆ ಹುಟ್ಟಿದ ಮಕ್ಕಳು, ಉತ್ತರಾಧಿಕಾರ ಪ್ರಾಪ್ತವಾಗುವಾಗ ಹಿಂದೂಗಳಾಗಿರದಿದ್ದಲ್ಲಿ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗರೆಂದು ಹೇಳುತ್ತದೆ. ಮಗನು ತನಗಿಂತ ಮೊದಲೇ ತೀರಿಹೋದ ಪಕ್ಷದಲ್ಲಿ, ಮುನಿಸನ್ನೆಲ್ಲ ಬಿಟ್ಟು ಕ್ರೈಸ್ತ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡ ಅಜ್ಜನು ಅವನಿಗೊಂದು ತುಂಡು ಹೊಲ ಸೇರಲೆಂದು ಬಯಸಿದರೆ, ಆ ಬಯಕೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಮೃತ್ಯುಪತ್ರವಾಗಿ ಬರೆದು ರುಜು ಹಾಕಬೇಕು. ಅದೇ ಅಧಿನಿಯಮದ 30ನೆಯ ಪ್ರಕರಣವು ಅದಕ್ಕೆ ಎಡೆಗೊಟ್ಟಿದೆ.