ಕಾಂಕ್ರೀಟಿನ ಬಲ ಅಳೆದ ಕಥೆ

ದೊಡ್ಡ ಕಟ್ಟಡವೊಂದಕ್ಕೆ ಛಾವಣಿ ಹಾಕುವಾಗ ಹತ್ತಿರ ನಿಂತು ನೋಡಿದ್ದೀರಾ? ಕಲಸಿದ ಕಾಂಕ್ರೀಟಿನಲ್ಲಿ ಒಂದಿಷ್ಟನ್ನು ಕಬ್ಬಿಣದ ಅಚ್ಚುಗಳಿಗೆ ತುಂಬಿ ಪಕ್ಕಕ್ಕಿಡುತ್ತಾರೆ. ಮರುದಿನ ಅಚ್ಚು ಬಿಚ್ಚಿ, ಆ ಘನಗಳನ್ನು ನೀರಿನಲ್ಲಿ ಮುಳುಗಿಸುತ್ತಾರೆ. 28 ದಿನಗಳಾದ ಮೇಲೆ ಯಂತ್ರದಲ್ಲಿಟ್ಟು ಒಡೆಯುತ್ತಾರೆ. ಮಾಡಿದ್ದನ್ನು ಹೀಗೆ ಒಡೆಯುವುದೇಕೆ? ಈ ಪದ್ಧತಿಯ ಹಿಂದೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಜೋಸೆಫ್ ಆಸ್ಪ್‌ಡಿನ್ ಎಂಬ ಇಟ್ಟಿಗೆ ಕೆಲಸಗಾರ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಆದರೆ ಎಂಜಿನಿಯರುಗಳಿಗೆ ಅದರ ಮೇಲೆ ಬೇಗನೆ ನಂಬಿಕೆ ಹುಟ್ಟಲಿಲ್ಲ. ಸುಣ್ಣ ಮತ್ತು ಜೇಡಿಮಣ್ಣಿನ ಪ್ರಮಾಣ ತಪ್ಪಿದರೆ, ಸುಡುವ ಶಾಖ ಹೆಚ್ಚುಕಡಿಮೆಯಾದರೆ ಸಿಮೆಂಟು ಕೆಡುತ್ತಿತ್ತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಮಾರುವವನ ಮಾತೇ ಆಧಾರವಾಗಿತ್ತು.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಲಂಡನ್ನಿನ ಪಾರ್ಲಿಮೆಂಟಿನ ಸದಸ್ಯರನ್ನೂ ಕಂಗೆಡಿಸಿತು. ಅದಕ್ಕೆ ಮೊದಲೇ ಕಾಲರಾ ಆ ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರ್ ಬೃಹತ್ ಒಳಚರಂಡಿ ಯೋಜನೆಯನ್ನು ಕೈಗೆತ್ತಿಕೊಂಡರು. ನದಿಯ ದಕ್ಷಿಣ ಭಾಗದ ಕೆಲಸದ ಹೊಣೆ ಅವರ ಸಹಾಯಕ ಜಾನ್ ಗ್ರಾಂಟ್ ಅವರದಾಗಿತ್ತು. ನೆಲದಡಿಯ ಕಾಲುವೆ ಬಿರುಕುಬಿಟ್ಟರೆ ಗತಿಯೇನು? ಹೊಸ ಸಿಮೆಂಟನ್ನು ಪರೀಕ್ಷಿಸದೆ ಬಳಸಬಾರದೆಂದು ಗ್ರಾಂಟ್ ನಿಶ್ಚಯಿಸಿದರು.

ಅವರ ವಿಧಾನ ಸರಳವಾಗಿತ್ತು. ನಡುವೆ ಒಂದೂವರೆ ಅಂಗುಲ ಚೌಕದ ಸಣ್ಣ ಕತ್ತು ಇರುವಂತೆ ಸಿಮೆಂಟಿನ ತುಂಡುಗಳನ್ನು ಎರಕ ಹೊಯ್ದು, ಏಳು ದಿನ ನೀರಿನಲ್ಲಿಟ್ಟು, ಸನ್ನೆಯ ಯಂತ್ರದಲ್ಲಿ ತುಂಡಾಗುವವರೆಗೆ ಎಳೆಯುವುದು. ಕನಿಷ್ಠ 400 ಪೌಂಡು, ಎಂದರೆ ಸುಮಾರು 181 ಕಿಲೋಗ್ರಾಂ ಭಾರವನ್ನು ತಡೆಯಬೇಕು ಎಂಬುದು ಷರತ್ತು. ಮುಂದೆ ಇದನ್ನು 500 ಪೌಂಡಿಗೆ ಏರಿಸಲಾಯಿತು. ತಯಾರಕರು ಅನಿವಾರ್ಯವಾಗಿ ಗುಣಮಟ್ಟವನ್ನು ಸುಧಾರಿಸಿಕೊಂಡರು. ಸಿಮೆಂಟು ಕಲಸುವಾಗ ನೀರು ಕಡಿಮೆಯಾದಷ್ಟೂ ಒಳ್ಳೆಯದು ಎಂಬ ಮಾತನ್ನೂ ಗ್ರಾಂಟ್ ದಾಖಲಿಸಿದರು.

ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಅರ್ಧ ಶತಮಾನದ ನಂತರ, 1918ರಲ್ಲಿ, ಅಮೆರಿಕದ ಷಿಕಾಗೋದಲ್ಲಿ ಡಫ್ ಏಬ್ರಮ್ಸ್ ಎಂಬ ಸಂಶೋಧಕರು ಸಾವಿರಾರು ಪರೀಕ್ಷೆಗಳ ಆಧಾರದಿಂದ ಇದಕ್ಕೆ ನಿಯಮದ ರೂಪ ಕೊಟ್ಟರು. ಸಾಮಗ್ರಿಗಳು ಒಂದೇ ಆಗಿದ್ದು, ಸರಿಯಾಗಿ ದಮ್ಮಸು ಮಾಡಿದ್ದರೆ, ಕಾಂಕ್ರೀಟಿನ ಬಲವನ್ನು ನಿರ್ಧರಿಸುವುದು ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣ. ಸಿಮೆಂಟು ಗಟ್ಟಿಯಾಗಲು ರಾಸಾಯನಿಕವಾಗಿ ಬೇಕಾಗುವ ನೀರು ಅದರ ತೂಕದ ಸುಮಾರು ಕಾಲು ಭಾಗ ಮಾತ್ರ. ಮಿಕ್ಕ ನೀರು ಆರಿಹೋದಾಗ ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹರಡಲು ಸುಲಭವಾಗಲೆಂದು ಸುರಿಯುವ ಒಂದು ಕೊಡ ಹೆಚ್ಚಿನ ನೀರು ಕಂಬದ ಬಲವನ್ನೇ ಕದಿಯುತ್ತದೆ.

ಕಂಬ, ಗೋಡೆಗಳಲ್ಲಿ ಕಾಂಕ್ರೀಟು ಮುಖ್ಯವಾಗಿ ಒತ್ತಡವನ್ನು ಹೊರುತ್ತದೆ. ಆದ್ದರಿಂದ ಇಂದು ಅದನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಒತ್ತಿ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ಉರುಳೆಗಳನ್ನು, ಭಾರತದಲ್ಲಿ 15 ಸೆಂಟಿಮೀಟರ್ ಘನಗಳನ್ನು ಬಳಸುವುದು ರೂಢಿ. ನಕ್ಷೆಯಲ್ಲಿ ‘ಎಂ 20’ ಎಂದಿದ್ದರೆ, 28 ದಿನಗಳ ಘನ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕೆಂದು ಅರ್ಥ. ಲೆಕ್ಕ ಹಾಕಿ ನೋಡಿ: ಇಡೀ ಘನದ ಮೇಲೆ ಸುಮಾರು 46 ಟನ್, ಅಂದರೆ ಹತ್ತು ದೊಡ್ಡ ಆನೆಗಳ ಭಾರ!

ಆದರೂ ಘನವು ಹೇಳುವುದು ಮಿಶ್ರಣದ ಗುಣವನ್ನು ಮಾತ್ರ. ಘನ ನೀರಿನಲ್ಲಿ ಚೆನ್ನಾಗಿ ಬಲಿಯುತ್ತಿರುವಾಗ, ಅದೇ ಕಾಂಕ್ರೀಟಿನ ಛಾವಣಿ ಬಿಸಿಲಿನಲ್ಲಿ ನೀರಿಲ್ಲದೆ ಒಣಗುತ್ತಿರಬಹುದು. ಸ್ವಿಟ್ಜರ್‌ಲೆಂಡಿನ ಅರ್ನ್‌ಸ್ಟ್ ಷ್ಮಿಟ್ 1948ರಲ್ಲಿ ರೂಪಿಸಿದ ಪುಟಿಯುವ ಸುತ್ತಿಗೆ ಕಟ್ಟಡವನ್ನು ಒಡೆಯದೆ ಅಂದಾಜು ಕೊಡುತ್ತದೆ. ಅನುಮಾನ ಬಲವಾದರೆ ಕಾಂಕ್ರೀಟಿನಿಂದಲೇ ಉರುಳೆಯನ್ನು ಕೊರೆದು ತೆಗೆದು ಪರೀಕ್ಷಿಸುತ್ತಾರೆ.

ಯಂತ್ರ ಎಷ್ಟೇ ನಿಖರವಾಗಿರಲಿ, ಪರೀಕ್ಷೆಗೆಂದೇ ಬೇರೆಯಾಗಿ ಕಲಸಿದ ಒಳ್ಳೆಯ ಘನವನ್ನು ಕೊಟ್ಟರೆ ಅದು ಸುಳ್ಳನ್ನೇ ಅಳೆಯುತ್ತದೆ. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗಬಹುದು, ಅನೇಕರು ಮನೆ ಕಟ್ಟಿಸಬಹುದು. ಅಂದು ಪರೀಕ್ಷೆಯ ಫಲಿತಾಂಶದ ಹಾಳೆ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: ಈ ಘನ ಯಾವ ಕಂಬದ ಕಾಂಕ್ರೀಟಿನದು?