ಮತಕ್ಕೆ ಮುನ್ನ ವಿಚಾರಾವಧಿ

ಸಭಾಸದರು ಮತವನ್ನೀಯುವುದಕ್ಕೆ ಮೊದಲು ವಿಷಯವನ್ನು ಪರ್ಯಾಲೋಚಿಸಲು ಎಷ್ಟು ಕಾಲಾವಕಾಶವಿರಬೇಕೆಂಬುದು ಪುರಾತನವಾದ ಪ್ರಶ್ನೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೇಶಕಾಲವಿಭಾಗವು ಮಂತ್ರಾಲೋಚನೆಯ ಪಂಚಾಂಗಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಆಲೋಚನೆಯನ್ನು ದೀರ್ಘಕಾಲ ಎಳೆಯಲಾಗದೆಂಬ ಎಚ್ಚರಿಕೆಯೂ ಅಲ್ಲಿಯೇ ಉಂಟು. ತ್ವರೆಯೂ ದೋಷವೇ, ವಿಳಂಬವೂ ದೋಷವೇ. ನಮ್ಮ ಸೀಮೆಯ ಭವಿತವ್ಯವೇ ಒಮ್ಮೆ ಈ ಎರಡರ ನಡುವೆ ನಿಂತಿದ್ದಿತು.

1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕೊಳ್ಳೇಗಾಲವು ಕಂಪೆನಿಯವರ ವಶವಾಗಿ, ಮುಂದೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ ಉಳಿಯಿತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಅಂದು ಅದರೊಳಗೇ ಸೇರಿದ್ದಿತು. ನೆರೆಯ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿದ್ದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗೆ ಒಂದೇ ಭಾಷೆಯನ್ನಾಡುವ ನೆರೆಹೊರೆಯವರು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಎರಡು ಆಡಳಿತಗಳ ಅಧೀನರಾಗಿದ್ದರು.

1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯಪುನರ್ವಿಂಗಡಣಾ ಆಯೋಗವು 1955ರ ಸೆಪ್ಟೆಂಬರ್ 30ರಂದು ವರದಿಯನ್ನೊಪ್ಪಿಸಿತು. ಆಗ ಸಂವಿಧಾನದ 3ನೆಯ ಅನುಚ್ಛೇದದಂತೆ, ಎಲ್ಲೆಗಳು ಬದಲಾಗತಕ್ಕ ರಾಜ್ಯಗಳ ಶಾಸನಸಭೆಗಳ ಅಭಿಪ್ರಾಯವನ್ನು ತಿಳಿಯದೆ ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸುವಂತಿರಲಿಲ್ಲ. ಆ ಅಭಿಪ್ರಾಯಕ್ಕೆ ಅವಧಿಯೂ ವಿಧಿತವಾಗಿರಲಿಲ್ಲ. ಒಂದು ಸಭೆ ಸುಮ್ಮನೆ ಕುಳಿತರೂ ಸಮಸ್ತ ಕಾರ್ಯವೂ ಸ್ತಂಭಿಸಬಹುದಾಗಿತ್ತು. ಇದಕ್ಕೆ ಪರಿಹಾರವಾಗಿ 1955ರ ಡಿಸೆಂಬರ್ 24ರ ಐದನೆಯ ತಿದ್ದುಪಡಿಯು ಅವಧಿಯನ್ನು ಗೊತ್ತುಮಾಡುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. ಅವಶ್ಯಬಿದ್ದಲ್ಲಿ ಅದನ್ನು ವಿಸ್ತರಿಸುವ ಅವಕಾಶವನ್ನೂ ಉಳಿಸಿತು. 1956ರ ಆಗಸ್ಟ್ 31ರಂದು ಶಾಸನವಾಗಿ, ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರನ್ನು ಸೇರಿತು. ಆದರೆ ಕನ್ನಡಿಗರ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಸಭೆಯಲ್ಲಿ ಒಂದು ಗೆರೆ ಅತ್ತಿತ್ತ ಸರಿದರೆ ಊರೂರುಗಳ ಬಾಳೇ ಅತ್ತಿತ್ತ ಸರಿಯುವುದಷ್ಟೆ.

ಇಲ್ಲಿ ಮತ್ತೊಂದು ಪ್ರಶ್ನೆಯೂ ಏಳುತ್ತದೆ. ಸದಸ್ಯರು ಆಲೋಚಿಸಿದ ಪ್ರಸ್ತಾಪವೇ ಮಧ್ಯದಲ್ಲಿ ಬದಲಾದರೆ ಅವರಿಗೆ ಪುನಃ ಕಾಲಾವಕಾಶ ಸಲ್ಲಬೇಕೆ? ಅದೇ ಮಸೂದೆಯಲ್ಲಿ ಮುಂಬಯಿ ಪ್ರಾಂತವನ್ನು ಮೂರು ಭಾಗಗಳನ್ನಾಗಿ ಮಾಡುವ ಯೋಜನೆಯಿದ್ದಿತು. ಪಾರ್ಲಿಮೆಂಟಾದರೋ ದ್ವಿಭಾಷಾ ಮುಂಬಯಿ ರಾಜ್ಯವೊಂದನ್ನು ನಿರ್ಮಿಸಿತು. ಬಾಬುಲಾಲ್ ಪರಾತೆ ಅವರ ಮೊಕದ್ದಮೆಯಲ್ಲಿ 1959ರಲ್ಲಿ ಸುಪ್ರೀಂ ಕೋರ್ಟು, ಇಂಥ ತಿದ್ದುಪಡಿಗಾಗಿ ಪುನಃ ರಾಜ್ಯದ ಸಭೆಯನ್ನು ಕೇಳಬೇಕಾಗಿಲ್ಲವೆಂದು ತೀರ್ಪಿತ್ತಿತು. ಕಾರ್ಯಸಾಧನೆಯ ದೃಷ್ಟಿಯಿಂದ ಇದು ಸಮಂಜಸವೇ. ಆದರೆ ತಾನು ವಿಮರ್ಶಿಸಿದುದು ಒಂದು, ತನ್ನ ಮೇಲೆ ಬಂದುದು ಇನ್ನೊಂದು ಎಂಬ ಖೇದವು ಪ್ರಜೆಗಳ ಮನಸ್ಸಿನಲ್ಲಿ ನಿಲ್ಲದಿರುವುದೆ? 1960ರಲ್ಲಿ ಆ ರಾಜ್ಯವು ಮಹಾರಾಷ್ಟ್ರ, ಗುಜರಾತ್ ಎಂದು ಒಡೆದು ಹೋದುದು ಇದಕ್ಕೆ ಉತ್ತರವಾಗಿದೆ.

ನಮ್ಮ ಗ್ರಾಮಪಂಚಾಯಿತಿಗಳಿಗೂ ಈ ತತ್ತ್ವವೇ ಅನ್ವಯಿಸುತ್ತದೆ. 1993ರ ಶಾಸನದಂತೆ ಸಾಮಾನ್ಯ ಸಭೆಗೆ ಪೂರ್ಣ 7 ದಿನಗಳ, ವಿಶೇಷ ಸಭೆಗೆ 3 ದಿನಗಳ ಮುನ್ಸೂಚನೆಯಿರಬೇಕು. ಕಾಲದೇಶಗಳೊಡನೆ ಕಾರ್ಯವಿಷಯವನ್ನೂ ಅದರಲ್ಲಿ ತಿಳಿಸಬೇಕು. ವಿಷಯವನ್ನು ಮರೆಯಿಟ್ಟು ಕೊಟ್ಟ ತಿಂಗಳಿಗಿಂತ ಪತ್ರಗಳನ್ನು ಕೈಗಿತ್ತು ಕೊಟ್ಟ ವಾರವೇ ಮೇಲು. ಆ ವಾರದಲ್ಲಿ ಸದಸ್ಯನು ಓದಬೇಕು, ತನ್ನನ್ನು ಆರಿಸಿದವರನ್ನು ಕೇಳಬೇಕು, ಬಳಿಕ ಕೈಯೆತ್ತಬೇಕು. ಎತ್ತಿದ ಕೈ ಕ್ಷಣಕಾಲದ್ದು, ಅದರ ಫಲವಾದರೋ ಮಕ್ಕಳ ಕಾಲದವರೆಗೂ ಇರತಕ್ಕದ್ದು.