ರಿಜಿಸ್ಟರಿನಲ್ಲಿ ಉಳಿದ ಹೆಸರು

ಹೊಸ ಕಂಪನಿಯ ಆಫರ್ ಲೆಟರ್ ಬಂದ ಮೇಲೆ ಒಂದು ಫಾರಂ ಬರುತ್ತದಲ್ಲ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಅಂತ? ಅದರಲ್ಲಿ ‘ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಕೇಸ್ ಇದೆಯೇ, ಇತ್ತೇ’ ಎಂಬ ಕಾಲಂ ಇರುತ್ತದೆ. ನಮ್ಮಲ್ಲಿ ಬಹಳ ಮಂದಿ ಓದದೆಯೇ ‘ಇಲ್ಲ’ ಅಂತ ಟಿಕ್ ಮಾಡಿ ಮುಂದೆ ಹೋಗುತ್ತೇವೆ. ಆ ಒಂದು ಕಾಲಮ್ಮಿನ ಮುಂದೆ ಅರ್ಧ ಗಂಟೆ ಸುಮ್ಮನೆ ಕೂರುವವರೂ ಇದ್ದಾರೆ. ಕಾಲೇಜಿನ ದಿನಗಳ ಯಾವುದೋ ಬಂದ್, ಕಲ್ಲು ತೂರಾಟ, ಎಫ್‌ಐಆರಿನಲ್ಲಿ ಹದಿನಾಲ್ಕನೆಯ ಹೆಸರು. ಕೇಸು ಬಿದ್ದುಹೋಗಿ ಹತ್ತು ವರ್ಷವಾಗಿದ್ದರೂ ಹೆಸರು ಎಲ್ಲಿ ಉಳಿದಿದೆಯೋ ಗೊತ್ತಿಲ್ಲ.

ಇಂಥವರು ವಕೀಲರ ಹತ್ತಿರ ಹೋಗಿ ಕೇಳುವ ಪ್ರಶ್ನೆ ಒಂದೇ: ‘ಇದನ್ನ ಅಳಿಸಿ ಹಾಕೋಕೆ ಆಗತ್ತಾ ಸರ್?’ ಅಮೆರಿಕದ ಸಿನಿಮಾ ನೋಡಿದವರಿಗೆ ಅಲ್ಲಿ ಅರ್ಜಿ ಹಾಕಿ ಹಳೆಯ ದಾಖಲೆ ಅಳಿಸಿಕೊಳ್ಳುವುದು ಗೊತ್ತು. ನಮ್ಮಲ್ಲಿ ಅಂಥ ಒಂದು ಕಾಯ್ದೆಯೇ ಇಲ್ಲ. ಇರುವುದು ಅಲ್ಲೊಂದು ಇಲ್ಲೊಂದು ಕಿಂಡಿ. ಹದಿನೆಂಟು ತುಂಬುವ ಮೊದಲಿನ ತಪ್ಪಾದರೆ, 2015ರ ಬಾಲನ್ಯಾಯ ಕಾಯ್ದೆ ಬಹುತೇಕ ಪ್ರಕರಣಗಳಲ್ಲಿ ದಾಖಲೆ ನಾಶಪಡಿಸಲು ಹೇಳುತ್ತದೆ. 1958ರ ಪ್ರೊಬೇಶನ್ ಕಾಯ್ದೆಯಡಿ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಎಫ್‌ಐಆರೇ ತಪ್ಪೆಂದಾದರೆ ಹೈಕೋರ್ಟಿನಲ್ಲಿ ರದ್ದು ಕೋರಬಹುದು. ಇಷ್ಟು ಕೋರ್ಟಿನ ಮಾತಾಯಿತು. ಪೊಲೀಸ್ ಠಾಣೆಯ ರಿಜಿಸ್ಟರಿನ ಮಾತೇ ಬೇರೆ, ಮತ್ತು ನಮ್ಮ ದೇಶದಲ್ಲಿ ‘ಹಳೆಯ ರೆಕಾರ್ಡ್’ ಅಂದರೆ ಬಹಳ ಸಲ ಅದೇ. ಕೋರ್ಟು ಬಿಟ್ಟವನನ್ನೂ ಆ ರಿಜಿಸ್ಟರು ಬಿಡುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ, ನಮ್ಮ ಬೆಳಗಾವಿ ಕಡೆಗೇ ಹೋಗಬೇಕು.

ಅಥಣಿ ತಾಲ್ಲೂಕಿನ ಕೊಕಟನೂರ ನಿಮಗೆ ಗೊತ್ತಿದ್ದರೆ ಯಲ್ಲಮ್ಮನ ಜಾತ್ರೆಯಿಂದ ಗೊತ್ತಿರುತ್ತದೆ. ಕರ್ನಾಟಕದವರೂ ಮಹಾರಾಷ್ಟ್ರದವರೂ ಒಟ್ಟಿಗೆ ಉಧೋ ಉಧೋ ಅನ್ನುವ ಗಡಿ ಸೀಮೆ ಅದು. 1956ರ ತನಕ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಪಕ್ಕದಲ್ಲೇ ಜತ್ತ, ಸಾಂಗ್ಲಿ, ಜಮಖಂಡಿಯಂಥ ಸಂಸ್ಥಾನಗಳು. ನಾಲ್ಕು ಹೆಜ್ಜೆ ನಡೆದರೆ ಇನ್ನೊಬ್ಬರ ರಾಜ್ಯ. ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುವ ಅಲೆಮಾರಿಗಳಿಗೆ ಇದು ದಿನನಿತ್ಯದ ದಾರಿ. ಪೊಲೀಸರಿಗೆ ಮಾತ್ರ ದೊಡ್ಡ ತಲೆನೋವು.

1871ರಲ್ಲಿ ಬ್ರಿಟಿಷ್ ಸರ್ಕಾರ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಮಾಡಿತು. ಮೊದಲು ಉತ್ತರ ಭಾರತಕ್ಕೆ. 1911ರ ತಿದ್ದುಪಡಿಯ ನಂತರ ಮುಂಬೈ ಪ್ರಾಂತ್ಯಕ್ಕೂ ಬಂತು, 1924ರಲ್ಲಿ ಇನ್ನಷ್ಟು ಬಿಗಿಯಾಯಿತು. ಸರ್ಕಾರ ಗೆಜೆಟ್ಟಿನಲ್ಲಿ ಒಂದು ಸಮುದಾಯದ ಹೆಸರು ಪ್ರಕಟಿಸಿದರೆ ಸಾಕು, ಆ ಇಡೀ ಸಮುದಾಯ ‘ಅಪರಾಧಿ ಬುಡಕಟ್ಟು’. ಕಳ್ಳತನ ಮಾಡಿದವನೂ ಅವನೇ, ಮಾಡದವನೂ ಅವನೇ. ಜಿಲ್ಲಾ ಮ್ಯಾಜಿಸ್ಟ್ರೇಟ್ ರಿಜಿಸ್ಟರು ಮಾಡಿಸುತ್ತಾನೆ. ಅದರಲ್ಲಿ ಹೆಸರು ಬಂದವನ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಹೇಳಿದ ಹೊತ್ತಿಗೆ ಹೋಗಿ ಹಾಜರಿ ಕೊಡಬೇಕು, ವಾಸ ಬದಲಿಸಿದರೆ ತಿಳಿಸಬೇಕು. ಓಡಾಟಕ್ಕೆ ಗಡಿ ಹಾಕಿದ್ದರಂತೂ ಪಾಸಿಲ್ಲದೆ ಪಕ್ಕದೂರಿನ ಜಾತ್ರೆಗೂ ಹೋಗುವಂತಿಲ್ಲ. ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆ–ತಾಯಿಯಿಂದ ಬೇರೆ ಮಾಡಿ ಶಾಲೆಯಲ್ಲಿಡಲೂ ಕಾಯ್ದೆಯಲ್ಲಿ ಅವಕಾಶವಿತ್ತು.

ಈಗ ವಕೀಲರ ವಿಷಯ. ರಿಜಿಸ್ಟರಿನಲ್ಲಿ ತನ್ನ ಹೆಸರು ತಪ್ಪಾಗಿ ಸೇರಿದೆ ಅನ್ನುವವನು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ ದೂರು ಕೊಡಬಹುದಿತ್ತು. ಅಂದರೆ ಬರೆಸಿದವನಿಗೇ ಅಳಿಸಪ್ಪಾ ಅಂತ ಅರ್ಜಿ! ‘ನಮ್ಮ ಸಮುದಾಯ ಅಂಥದ್ದಲ್ಲ’ ಎಂದು ಗೆಜೆಟ್ ಪ್ರಕಟಣೆಯನ್ನೇ ಪ್ರಶ್ನಿಸಲು ಹೊರಟರೆ, ಅದಕ್ಕೆ ಕಾಯ್ದೆಯೇ ಕೋರ್ಟಿನ ಬಾಗಿಲು ಮುಚ್ಚಿತ್ತು. ಎಂಥ ದೊಡ್ಡ ಬ್ಯಾರಿಸ್ಟರನನ್ನು ಹಿಡಿದರೂ ಅವನು ವಾದ ಮಾಡಲು ಜಾಗವೇ ಇರಲಿಲ್ಲ. ಕೊಲೆಯ ಆರೋಪಿಗೂ ಸಾಕ್ಷಿ, ವಾದ, ಅಪೀಲು ಎಂಬುದಿತ್ತು. ಹುಟ್ಟಿನಿಂದ ಆರೋಪಿಯಾದವನಿಗೆ ಅದೇನೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಆಟೋದವನಿಗೆ ‘ಸೆಟ್ಲಮೆಂಟಿಗೆ ಬರ್ತೀಯೇನಪಾ’ ಅಂದರೆ ಕರೆದುಕೊಂಡು ಹೋಗುತ್ತಾನೆ. ಆ ಬಡಾವಣೆಗೆ ಆ ಹೆಸರು ಯಾಕೆ ಬಂತು ಅಂತ ನಮ್ಮ ಪೈಕಿ ಎಷ್ಟು ಜನ ಕೇಳಿದ್ದೇವೆ? ಹುಬ್ಬಳ್ಳಿ, ಗದಗ, ವಿಜಯಪುರ, ಅತ್ತ ಸೊಲ್ಲಾಪುರ, ಇಲ್ಲೆಲ್ಲ ಈ ಸಮುದಾಯಗಳನ್ನು ತಂದು ಕೂಡಿಹಾಕಿದ ವಸಾಹತುಗಳಿದ್ದವು. ದಿನವೂ ಹಾಜರಿ, ಮಿಲ್ಲು–ಕಾರ್ಖಾನೆಗಳಲ್ಲಿ ಕೂಲಿ. ಇವುಗಳ ಮೇಲ್ವಿಚಾರಕ ಒ.ಎಚ್.ಬಿ. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ. ವಿಜಯಪುರದಲ್ಲಿ ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದವನು. ಅವನ ಲೆಕ್ಕದಲ್ಲಿ ರೆಕಾರ್ಡ್ ಅಳಿಸುವುದಕ್ಕೆ ಒಂದು ಏಣಿಯಿತ್ತು: ನಡತೆ ಒಳ್ಳೆಯದಾಗಿದ್ದರೆ ಬೇಲಿಯ ಹೊರಗೆ ಲೈಸೆನ್ಸ್ ಮೇಲೆ ವಾಸ, ಅಲ್ಲಿಯೂ ಸರಿಯಿದ್ದರೆ ಬಿಡುಗಡೆ. ಏಣಿಯ ಒಂದೊಂದು ಮೆಟ್ಟಿಲಿಗೂ ಮ್ಯಾನೇಜರನ ಶಿಫಾರಸು ಬೇಕು. ಸ್ಟಾರ್ಟೆಯನ್ನು ಬರೀ ಕ್ರೂರಿ ಅಂತ ಬರೆದು ಮುಗಿಸುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಮುಂಬೈ ಸರ್ಕಾರ ಹಿಂದುಳಿದವರ ಸ್ಥಿತಿ ನೋಡಲು 1928ರಲ್ಲಿ ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ, ಅಂಬೇಡ್ಕರ್ ಅದರ ಸದಸ್ಯರು. ಆ ಸಮಿತಿಯ ವರದಿಯಿಂದಲೇ ಪ್ರಾಂತ್ಯಕ್ಕೆ ಹಿಂದುಳಿದ ವರ್ಗಗಳ ಇಲಾಖೆ ಬಂತು, ಅದರ ಮೊದಲ ಅಧಿಕಾರಿಯೂ ಅವನೇ. ಹಾಜರಿ ಪುಸ್ತಕ ಹಿಡಿದ ಕೈಯೇ ಸ್ಕಾಲರ್‌ಶಿಪ್ಪಿನ ಕಡತವನ್ನೂ ಹಿಡಿಯಿತು. ಆ ಎರಡೂ ಕಡತಗಳಲ್ಲಿ ಹೆಸರು ಮಾತ್ರ ಅವೇ.

ಮುಂಬೈ ಪ್ರಾಂತ್ಯ 1949ರಲ್ಲಿ ಈ ಕಾಯ್ದೆಯನ್ನು ರದ್ದು ಮಾಡಿತು. ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು. ಇವತ್ತಿಗೂ ವಿಮುಕ್ತ ಸಮುದಾಯಗಳು ಆ ದಿನವನ್ನು ತಮ್ಮ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತವೆ, ಅಂದರೆ ನಮಗಿಂತ ಐದು ವರ್ಷ ತಡವಾಗಿ. ಕಾಯ್ದೆ ಹೋಯಿತು ಸರಿ, ರಿಜಿಸ್ಟರು ಕಟ್ಟುವ ಪದ್ಧತಿ ಎಲ್ಲಿಗೂ ಹೋಗಲಿಲ್ಲ. ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯ್ದೆ ತಂದವು. ಆಗಿನ ಮೈಸೂರು ರಾಜ್ಯದ್ದು 1961ರದು. ಈ ಸಲ ಸಮುದಾಯವಲ್ಲ, ವ್ಯಕ್ತಿ ಅಂದರು. ಆದರೆ ಊರಲ್ಲಿ ಕಳವಾದ ರಾತ್ರಿ ಪೊಲೀಸರು ಮೊದಲು ಯಾವ ಕೇರಿಗೆ ಹೋಗುತ್ತಾರೆ ಅಂತ ಯಾವ ಹಳ್ಳಿಯವರನ್ನು ಕೇಳಿದರೂ ಹೇಳುತ್ತಾರೆ.

ಇಲ್ಲಿ ಉತ್ತರ ಪ್ರದೇಶದ ಒಬ್ಬ ಮನುಷ್ಯನನ್ನು ನೆನೆಯಬೇಕು, ಖರಕ್ ಸಿಂಗ್. 1941ರ ಒಂದು ದರೋಡೆ ಕೇಸಿನಲ್ಲಿ ಹಿಡಿದರು, ಸಾಕ್ಷಿಯಿಲ್ಲವೆಂದು ಬಿಟ್ಟರು. ಆದರೂ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್ ತೆರೆದರು. ನಡುರಾತ್ರಿ ಬಾಗಿಲು ಬಡಿದು ಎಬ್ಬಿಸುವುದು, ಹೊರಗೆ ಹೋದರೆ ಬೆನ್ನು ಹತ್ತುವುದು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರಿನಲ್ಲಿ ತೀರ್ಪು ಬಂತು: ರಾತ್ರಿ ಬಾಗಿಲು ಬಡಿಯುವಂತಿಲ್ಲ, ಉಳಿದ ಕಣ್ಗಾವಲು ನಡೆಯಬಹುದು, ಖಾಸಗಿತನ ಎಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿಲ್ಲ. ಆ ಕೊನೆಯ ಮಾತು ಬಿದ್ದುಹೋಗಲು 2017ರ ಆಗಸ್ಟ್ 24 ಬರಬೇಕಾಯಿತು. ಅದನ್ನು ಬೀಳಿಸಿದ ಆಧಾರ್ ಕೇಸಿನ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿಮ್ಮ ಮೊಬೈಲಿನ ಡೇಟಾ ಬಗ್ಗೆ ಮಾತಾಡುವಾಗೆಲ್ಲ ಉಲ್ಲೇಖವಾಗುವ ತೀರ್ಪು ಅದೇ. ಅದರ ಬೇರು ಮಾತ್ರ ಒಬ್ಬ ಬಡಪಾಯಿಯ ಹಿಸ್ಟರಿ ಶೀಟಿನಲ್ಲಿದೆ.

ನಮ್ಮ ರಾಜ್ಯದಲ್ಲಿ ಹಿಸ್ಟರಿ ಶೀಟಿಗಿಂತ ಹೆಚ್ಚು ಕೇಳುವ ಹೆಸರು ರೌಡಿ ಶೀಟ್. ಇದು ಯಾವ ಕೋರ್ಟಿನ ಶಿಕ್ಷೆಯೂ ಅಲ್ಲ, ಪೊಲೀಸ್ ಮ್ಯಾನ್ಯುಅಲ್ಲಿನ ಒಂದು ಆದೇಶದ ಬಲದಿಂದ ನಡೆಯುವಂಥದ್ದು. ಬಹಳ ಕಾಲ ಹೆಸರು ಸೇರಿದ್ದೇ ಮನುಷ್ಯನಿಗೆ ಗೊತ್ತಾಗುತ್ತಿರಲಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಇದಕ್ಕೊಂದು ಕ್ರಮ ಹಾಕಿಕೊಟ್ಟಿತು: ಹೆಸರು ಸೇರಿಸುವ ಮೊದಲು ಅವನಿಗೆ ತಿಳಿಸಿ, ಅವನ ಮಾತು ಕೇಳಿ, ಕಾಲಕಾಲಕ್ಕೆ ಮರುಪರಿಶೀಲನೆ ಮಾಡಿ ಅಂತ. ಹಾಗಾಗಿ ಈಗ ಕೊಕಟನೂರಿನವನೊಬ್ಬನಿಗೆ ಈ ತೊಂದರೆ ಬಂದರೆ ವಕೀಲರಿಗೆ ಕೆಲಸವಿದೆ. ಖುಲಾಸೆಯಾದ ಕೇಸುಗಳ ಆದೇಶದ ಪ್ರತಿ ಜೋಡಿಸಿ ಬೆಳಗಾವಿಯ ಎಸ್‌ಪಿಗೆ ಮನವಿ ಕೊಡಬೇಕು. ಕೇಳದಿದ್ದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್. ಖರ್ಚು, ಓಡಾಟ, ಕೂಲಿ ಬಿಟ್ಟ ದಿನಗಳು ಬೇರೆ. ಆದರೂ ಅವನ ಅಜ್ಜನಿಗಿಲ್ಲದ ಬಾಗಿಲೊಂದು ಅವನಿಗಿದೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿದಾಗ, ವಿಮುಕ್ತ ಸಮುದಾಯದವರನ್ನು ಹುಟ್ಟಾ ಅಪರಾಧಿಗಳಂತೆ ಕಾಣುವ ಸಾಲುಗಳನ್ನೂ ತೆಗೆಯಿಸಿತು. ಕಾಯ್ದೆ ಸತ್ತು ಎಪ್ಪತ್ತೆರಡು ವರ್ಷದ ನಂತರ.

ಇಷ್ಟೆಲ್ಲ ಆದರೂ ಒಂದು ನಮೂದು ಹಾಗೇ ಇದೆ. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಯಲ್ಲಿ ಒಂದು ಸಮುದಾಯವನ್ನು ‘ಗಂಟಿಚೋರ’ ಅಂತ ಬರೆದುಕೊಂಡರು. ಗಂಟು ಕದಿಯುವವರು ಅಂತ ಅರ್ಥ. ಆ ಹೆಸರು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಹಾಗೆಯೇ ಇದೆ. ಆ ಮನೆಯ ಹುಡುಗಿ ಇಂಜಿನಿಯರಿಂಗ್ ಸೀಟಿಗೆ ಜಾತಿ ಪ್ರಮಾಣಪತ್ರ ತರಬೇಕಾದರೆ, ಮುದ್ರೆ ಬಿದ್ದ ಕಾಗದದಲ್ಲಿ ತನ್ನ ಹೆಸರಿನ ಜೊತೆ ‘ಚೋರ’ ಎಂಬ ಪದವನ್ನೂ ಬರೆಸಿಕೊಂಡು ಬರಬೇಕು. ಆ ಕಾಗದವಿಲ್ಲದೆ ಮೀಸಲಾತಿಯಿಲ್ಲ, ಹಾಸ್ಟೆಲ್ಲಿಲ್ಲ, ಸ್ಕಾಲರ್‌ಶಿಪ್ಪಿಲ್ಲ. ಈ ಒಂದು ಪದ ತೆಗೆಸಲು ವಕೀಲರು ಎಸ್‌ಪಿಗೆ ಬರೆದರೂ ಆಗದು, ಧಾರವಾಡದಲ್ಲಿ ರಿಟ್ ಹಾಕಿದರೂ ಆಗದು. ಸಂವಿಧಾನದ 341ನೆಯ ವಿಧಿಯ ಪ್ರಕಾರ ಆ ಪಟ್ಟಿಯನ್ನು ತಿದ್ದುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ.